ಮನೆಯಂಗಳದಲ್ಲಿ ಸತ್ತುಬಿದ್ದ ಜೇನುನೊಣ: ಒಂದು ಕಾರಣಮೀಮಾಂಸೆ

(ದತ್ತಿ ಉಪನ್ಯಾಸದ ಪಠ್ಯ)



ವರ್ಷಕ್ಕೊಮ್ಮೆ ಸೇರುವ ಇಂಥದೊಂದು ಗಂಭೀರವಾದ ಸಭೆಯಲ್ಲಿ, ಕಸಬರಿಗೆಯ ತುದಿಗೆ ಸಿಕ್ಕಿ ಮೊರವನ್ನು ಸೇರುವ ಸತ್ತ ನೊಣವೊಂದರ ವಿಷಯವಾಗಿ ಮುಕ್ಕಾಲು ಗಂಟೆಯ ಕಾಲ ಮಾತನಾಡುವುದು ಎಷ್ಟರಮಟ್ಟಿಗೆ ಯುಕ್ತವೆಂಬ ಸಂದೇಹ ಆಹ್ವಾನಪತ್ರಿಕೆಯನ್ನು ಓದಿದ ಕೆಲವರಲ್ಲಾದರೂ ಹುಟ್ಟಿದ್ದರೆ ಅದು ಸಹಜವೇ ಸರಿ. ಆದರೆ ಇತ್ತೀಚಿನ ವರ್ಷಗಳಲ್ಲಿ, ಅದರಲ್ಲಿಯೂ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಮಾಡತಕ್ಕವರು, ಬೆಳಗ್ಗೆ ಬಾಗಿಲು ತೆರೆದಾಗ ಬಾಲ್ಕನಿಯ ನೆಲದ ಮೇಲೆ ಹತ್ತೋ ಇಪ್ಪತ್ತೋ, ಕೆಲವೊಮ್ಮೆ ನೂರೋ ಜೇನುನೊಣಗಳು ಕಾಲು ಮೇಲಾಗಿ ಬಿದ್ದಿರುವುದನ್ನು ಕಂಡು ಇದಕ್ಕೇನು ಕಾರಣವೆಂದು ಕೇಳುವುದು ಸಾಮಾನ್ಯವಾಗಿದೆ. ಕೇಳಿದ ಮರುಕ್ಷಣವೇ ಎದುರುಗಡೆಯ ಮೊಬೈಲ್ ಗೋಪುರವೆಂದೋ, ಕೆಟ್ಟುಹೋದ ಹವೆಯೆಂದೋ, ಏನೂ ತೋಚದಿದ್ದರೆ ಕಲಿಗಾಲವೆಂದೋ ಉತ್ತರವನ್ನೂ ತಾವೇ ಕೊಟ್ಟುಕೊಳ್ಳುವುದು ಅಷ್ಟೇ ಸಾಮಾನ್ಯವಾಗಿದೆ. ನಮ್ಮ ಹಳೆಯ ವೈದ್ಯರು ಔಷಧಕ್ಕೆ ಕೈಹಾಕುವುದಕ್ಕೆ ಮುಂಚೆ ನಿದಾನವನ್ನು ಮಾಡುತ್ತಿದ್ದರು. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಲಕ್ಷಣಗಳೊಡನೆ ಎಂಬುದನ್ನು ವಿಚಾರಿಸದೆ ವ್ಯಾಧಿಯ ಹೆಸರನ್ನು ಹೇಳುತ್ತಿರಲಿಲ್ಲ. ಸತ್ತ ನೊಣಕ್ಕೂ ಆ ಮರ್ಯಾದೆಯನ್ನು ಸಲ್ಲಿಸಬೇಕೆಂಬುದು, ಹಾಗೆ ಸಲ್ಲಿಸಿದೆವಾದರೆ ಅಪರಾಧದ ಬಹುಭಾಗ ದೂರದ ಗೋಪುರಕ್ಕಿಂತ ನಮ್ಮ ಹೊಸ್ತಿಲಿಗೇ ಹತ್ತಿರವಾಗಿ ಕಾಣಬರುತ್ತದೆಯೆಂಬುದು ಈ ಉಪನ್ಯಾಸದ ಪ್ರತಿಪಾದ್ಯ.

ಮೊದಲು ಸಹಜವಾದ ಮರಣದ ಲೆಕ್ಕವನ್ನು ನೋಡೋಣ. ಹೂವಿನ ಕಾಲದಲ್ಲಿ ದುಡಿಯುವ ನೊಣವೊಂದರ ಆಯುಷ್ಯ ಹೆಚ್ಚುಕಡಿಮೆ ಆರು ವಾರ. ಆ ಅಲ್ಪಾವಧಿಯ ಪೂರ್ವಾರ್ಧವನ್ನು ಗೂಡಿನೊಳಗೆ ಮರಿಗಳ ಪೋಷಣೆ, ಎರಿಯ ನಿರ್ಮಾಣ, ಬಾಗಿಲಿನ ಕಾವಲು ಮುಂತಾದ ಕಾರ್ಯಗಳಲ್ಲಿ ಕಳೆದು, ಉತ್ತರಾರ್ಧದಲ್ಲಿ ಮಕರಂದ ಪರಾಗಗಳನ್ನು ಅರಸಿ ಹೊರಗೆ ಹಾರತೊಡಗುವ ಅದು, ರೆಕ್ಕೆಗಳ ಅಂಚು ಹರಿದು ಜೂಲಾಗುವವರೆಗೆ ದುಡಿದು, ಒಂದು ದಿನ ಎಲ್ಲಿಯೋ ಬಿದ್ದು ಸಾಯುತ್ತದೆ. ಇಪ್ಪತ್ತು ಸಾವಿರ ನೊಣಗಳಿರುವ ಹಿಂಡು, ನಲವತ್ತು ದಿವಸಗಳ ಆಯುಷ್ಯ ಎಂದು ಇಟ್ಟುಕೊಂಡರೆ ದಿನವೊಂದಕ್ಕೆ 500 ನೊಣಗಳು ಸಾಯಲೇಬೇಕು. ರಾಣಿನೊಣವು ನಿತ್ಯವೂ ನೂರುಗಟ್ಟಲೆ ಮೊಟ್ಟೆಯಿಡುವುದು ಈ ನಷ್ಟವನ್ನು ತುಂಬುವುದಕ್ಕಾಗಿಯೇ. ಇವುಗಳಲ್ಲಿ ಬಹುಪಾಲು ಗೂಡಿಗೆ ದೂರವಾಗಿ ಸಾಯುತ್ತವೆ; ಗೂಡಿನೊಳಗೇ ಸತ್ತವುಗಳನ್ನು ಹೊತ್ತು ಹೊರಗೆ ಎಸೆಯುವುದಕ್ಕೆಂದೇ ಕೆಲವು ನೊಣಗಳು ನಿಯುಕ್ತವಾಗಿರುತ್ತವೆ. ಆದುದರಿಂದ ಪೆಟ್ಟಿಗೆಯ ಮುಂದೆಯೋ ಹೂಗಿಡದ ಬುಡದಲ್ಲಿಯೋ ದಿನಕ್ಕೆ ಹತ್ತಾರು ಶವಗಳು ಕಂಡವೆಂದಮಾತ್ರಕ್ಕೆ ಪ್ರಳಯ ಸಮೀಪಿಸಿತೆಂದು ತಿಳಿಯಬೇಕಾಗಿಲ್ಲ. ಆಹಾರದ ಅಭಾವ ಬಂದಾಗ ದಪ್ಪ ಮೈಯ, ದೊಡ್ಡ ಕಣ್ಣಿನ ಗಂಡುನೊಣಗಳನ್ನು ಹೆಣ್ಣುನೊಣಗಳು ಕಚ್ಚಿ ಎಳೆದು ಹೊರದೂಡುವುದೂ ಹಿಂಡಿನ ಗೃಹನೀತಿಯಲ್ಲಿ ಸೇರಿದ ವಿಷಯ. ಅದು ನಿಷ್ಠುರವೆಂದು ನಮಗೆ ತೋರಿದರೆ, ದೋಷ ನಮ್ಮ ದೃಷ್ಟಿಯದು.

ಎರಡನೆಯದಾಗಿ, ಸತ್ತವರಾರು ಎಂಬ ಪ್ರಶ್ನೆ. ನಮ್ಮ ನಾಡಿನಲ್ಲಿ ಜೇನೆಂದರೆ ಒಂದೇ ಜಾತಿಯಲ್ಲ. ಮರದ ಪೊಟರೆ, ಕಲ್ಲುಗೋಡೆಯ ಸಂದು, ಮಲೆನಾಡಿನವರು ಇಟ್ಟ ಪೆಟ್ಟಿಗೆ—ಇಂಥ ಮರೆಯಾದ ತಾಣಗಳಲ್ಲಿ ಅನೇಕ ಎರಿಗಳನ್ನು ಸಮಾನಾಂತರವಾಗಿ ಕಟ್ಟುವುದು ತುಡುವೆ. ಬೇಲಿಯ ಗಿಡದ ಕಡ್ಡಿಗೆ ಅಂಗೈಯಗಲದ ಒಂದೇ ಎರಿಯನ್ನು ಕಟ್ಟುವುದು ಕೋಲುಜೇನು. ಗೋಡೆಯ ರಂಧ್ರದಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟುಕೊಂಡು ಬಾಳುವ, ಚುಚ್ಚಲರಿಯದ ಪುಟ್ಟ ನೊಣ ಮುಜಂಟಿ, ಮಿಸರಿ, ನಸರಿ ಎಂಬ ಹೆಸರುಗಳುಳ್ಳದ್ದು. ದೊಡ್ಡ ಮರದ ಕೊಂಬೆ, ಬಂಡೆಯ ಚಾಚು, ನೀರಿನ ತೊಟ್ಟಿಯ ಅಡಿಭಾಗ, ಎಂಟನೆಯ ಮಹಡಿಯ ಸಜ್ಜೆ—ಇಲ್ಲಿ ಬಯಲಿಗೇ ಒಡ್ಡಿಕೊಂಡಂತೆ ಮೂರು ನಾಲ್ಕಡಿ ಅಗಲದ ಒಂಟಿ ಎರಿಯನ್ನು ತೂಗುಹಾಕುವುದು ಹೆಜ್ಜೇನು. ಇವಲ್ಲದೆ ಯೂರೋಪಿನ ಮೂಲದ ಮೆಲ್ಲಿಫೆರಾ ಜೇನನ್ನು ಬಯಲುಸೀಮೆಯ ಸೂರ್ಯಕಾಂತಿಯ ಹೊಲಗಳಿಗೆ ಪೆಟ್ಟಿಗೆಗಳಲ್ಲಿ ಸಾಗಿಸುವವರಿದ್ದಾರೆ. ಒಂದಕ್ಕೆ ಮಾರಕವಾದುದು ಇನ್ನೊಂದಕ್ಕೆ ಮಾರಕವಾಗಬೇಕೆಂಬ ನಿಯಮವಿಲ್ಲ.

ಬಾಲ್ಕನಿಯಲ್ಲಿ ಬೆಳಗ್ಗೆ ಕಾಣಬರುವ ಶವಗಳು ಬಹುಮಟ್ಟಿಗೆ ಹೆಜ್ಜೇನಿನವು. ಅವುಗಳ ಮರಣಕ್ಕೆ ಅತ್ಯಂತ ಸಾಮಾನ್ಯವಾದ ಕಾರಣವಾದರೋ ಅವುಗಳ ನೇರಕ್ಕೆ ಮೇಲುಗಡೆಯೇ ಉರಿಯುತ್ತಿರುತ್ತದೆ. ಜೇನುನೊಣವು ಹಗಲಿನ ಪ್ರಾಣಿಯೆಂದು ನಾವೆಲ್ಲ ಶಾಲೆಯಲ್ಲಿ ಕಲಿತಿರುವೆವಾದರೂ ಹೆಜ್ಜೇನು ಆ ಪಾಠಕ್ಕೆ ಪೂರ್ತಿಯಾಗಿ ಒಳಪಟ್ಟುದಲ್ಲ. ಬೆಳದಿಂಗಳ ರಾತ್ರಿಗಳಲ್ಲಿ ಅದು ಗೂಡನ್ನು ಬಿಟ್ಟು ಮೇಯಲು ಹೋಗುವುದನ್ನು ವಿಜ್ಞಾನಿಗಳು ಪರೀಕ್ಷಿಸಿ ದಾಖಲಿಸಿದ್ದಾರೆ. ಕಾಡಿನಲ್ಲಿ ಜೇನು ಕೀಳುವವರು ಅಮಾವಾಸ್ಯೆಯ ಆಸುಪಾಸಿನ ಗಾಢಾಂಧಕಾರವನ್ನು ಆರಿಸಿಕೊಳ್ಳುವುದರಲ್ಲಿಯೂ ಇದೇ ತಿಳಿವಳಿಕೆ ಅಡಗಿದೆ. ಸಹಸ್ರಾರು ವರ್ಷಗಳ ಕಾಲ ಇರುಳಿನ ಆಕಾಶದಲ್ಲಿ ಚಂದ್ರನೊಬ್ಬನೇ ಬೆಳಕಾಗಿದ್ದ ಲೋಕಕ್ಕೆ ಹೊಂದಿಕೊಂಡ ಈ ಜೀವಿಯ ಗೂಡಿನಿಂದ ಇಪ್ಪತ್ತಡಿ ದೂರದಲ್ಲಿ ನಾವು ರಾತ್ರಿಯಿಡೀ ಬಿಳಿಯ ಎಲ್‌ಇಡಿ ದೀಪವನ್ನು ಉರಿಸಿದರೆ, ಸಂಜೆ ತಡವಾಗಿ ಮರಳುವ ನೊಣವೂ, ಗಾಳಿಗೋ ಹಲ್ಲಿಗೋ ಬೆದರಿ ಎರಿಯಿಂದ ಕಳಚಿಕೊಂಡ ನೊಣವೂ ಆ ದೀಪದತ್ತ ತಿರುಗಿ, ಅದನ್ನು ಸುತ್ತಿ ಸುತ್ತಿ, ಗಾಜಿಗೂ ಗೋಡೆಗೂ ಬಡಿದು, ಹೊಟ್ಟೆಯೊಳಗಿನ ಮಧುವಿನ ಸಂಚಯ ತೀರಿದೊಡನೆ ನೆಲಕ್ಕುರುಳುತ್ತದೆ. ಕೀಟದ ದೇಹದಲ್ಲಿ ಸಕ್ಕರೆಯ ಶೇಖರಣೆ ಅತ್ಯಲ್ಪ. ಹಾರಾಟವಾದರೋ ಪ್ರಾಣಿಲೋಕದ ಅತ್ಯಂತ ವ್ಯಯಕಾರಿಯಾದ ವ್ಯಾಪಾರಗಳಲ್ಲಿ ಒಂದು. ಬಿದ್ದುದು ತಂಪಿನಿಂದ ಜಡವಾಗಿ ಮತ್ತೆ ಏಳಲಾರದೆ, ಇರುವೆಗಳ ಪಾಲಾಗಿಯೋ ಚಪ್ಪಲಿಯಡಿ ಸಿಕ್ಕಿಯೋ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ. ಇದರಲ್ಲಿ ರೋಗವೂ ಇಲ್ಲ, ವಿಷವೂ ಇಲ್ಲ. ಪರೀಕ್ಷೆ ಮಾಡಿ ನೋಡಬೇಕೆನ್ನುವವರಿಗೆ ಉಪಾಯ ಬಹು ಸುಲಭ: ಕೆಲವು ರಾತ್ರಿ ದೀಪವನ್ನು ಆರಿಸಿ, ಕಿಟಕಿಯ ಪರದೆಯನ್ನು ಎಳೆದು, ಬೆಳಗ್ಗೆ ಎಣಿಸಿ ನೋಡುವುದು. ವಿಜ್ಞಾನದಲ್ಲಿ ಇಷ್ಟು ಅಗ್ಗದ ಪ್ರಯೋಗ ದೊರೆಯುವುದು ಅಪರೂಪ.

ಹೆಜ್ಜೇನಿನ ವಿಷಯದಲ್ಲಿ ಅವಸರದ ತೀರ್ಮಾನ ಎಷ್ಟು ದೂರ ಹೋಗಬಹುದೆಂಬುದಕ್ಕೆ ಒಂದು ಐತಿಹಾಸಿಕ ನಿದರ್ಶನವಿದೆ. ಪ್ರಸ್ತುತಕ್ಕೆ ತುಸು ಹೊರಗಿನದಾದರೂ ಸಭಿಕರು ಕ್ಷಮಿಸಬೇಕು. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಅಲೆಕ್ಸಾಂಡರ್ ಹೇಗ್ ಅವರು, ಲಾವೋಸ್ ಮೊದಲಾದ ದೇಶಗಳಲ್ಲಿ ಸೋವಿಯೆತ್ ಬೆಂಬಲವುಳ್ಳ ಸೈನ್ಯಗಳು ‘ಹಳದಿ ಮಳೆ’ಯೆಂಬ ವಿಷವನ್ನು ಸುರಿಸುತ್ತಿವೆಯೆಂದು ಜಗತ್ತಿನೆದುರು ಆಪಾದಿಸಿದರು. ಎಲೆಗಳ ಮೇಲೆ ದೊರೆತ ಆ ಹಳದಿ ಹನಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಪರಾಗಕಣಗಳಿಂದ ತುಂಬಿದ್ದವು. ಹಾರ್ವರ್ಡಿನ ಮ್ಯಾಥ್ಯೂ ಮೆಸೆಲ್ಸನ್, ಜೇನುತಜ್ಞ ಥಾಮಸ್ ಸೀಲಿ ಮುಂತಾದವರು 1984ರಲ್ಲಿ ಥಾಯ್ಲೆಂಡಿನ ಕಾಡಿಗೆ ಹೋಗಿ ನೋಡಿದಾಗ, ಹೆಜ್ಜೇನಿನ ಹಿಂಡುಗಳು ಸಾಮೂಹಿಕವಾಗಿ ಹಾರಿ ಮಲವಿಸರ್ಜನೆ ಮಾಡುವಾಗ ಬೀಳುವ ಹನಿಗಳು ಅದೇ ಸ್ವರೂಪದವೆಂಬುದು ಪ್ರತ್ಯಕ್ಷವಾಯಿತು. ಆ ಹನಿ ಅವರ ಮೈಮೇಲೂ ಬಿದ್ದಿತು. ನಮ್ಮ ಕಾರುಗಳ ಮೇಲೂ ಒಣಹಾಕಿದ ಪಂಚೆಗಳ ಮೇಲೂ ಕಾಣುವ ಸಾಸಿವೆಯಷ್ಟು ಹಳದಿ ಚುಕ್ಕೆಗಳು ಇವೇ.

ಇನ್ನು ವಿಷದ ಪ್ರಕರಣ. ಇಲ್ಲಿ ಲಕ್ಷಣಗಳು ಬೇರೆ, ಕಾಲವೂ ಬೇರೆ. ಒಂದೇ ದಿನ, ಒಂದೇ ಸ್ಥಳದಲ್ಲಿ, ರಾಶಿಯಾಗಿ, ಬಹುತೇಕ ನಾಲಿಗೆಯನ್ನು ಹೊರಚಾಚಿಕೊಂಡು ಸತ್ತ ನೊಣಗಳು. ಸಾಯದವು ನಡುಗುತ್ತ, ಬುಗುರಿಯಂತೆ ಸುತ್ತುತ್ತ ನೆಲದ ಮೇಲೆ ತೆವಳುವುದು. ಕಾಲಿನ ಬುಟ್ಟಿಗಳಲ್ಲಿ ಪರಾಗದ ಉಂಡೆ ಹಾಗೆಯೇ ಉಳಿದಿರುವುದು—ಇವು ಕಂಡವಾದರೆ ಸುತ್ತಮುತ್ತ ಯಾರು ಏನನ್ನು ಸಿಂಪಡಿಸಿದರೆಂದು ವಿಚಾರಿಸತಕ್ಕದ್ದು. ದುಡಿಯುತ್ತಿದ್ದವನನ್ನು ದುಡಿಮೆಯ ನಡುವೆಯೇ ಹೊಡೆದುರುಳಿಸಿದ ಸಾವು ಅದು. 2013ರ ಜೂನ್ ತಿಂಗಳಿನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ವಿಲ್ಸನ್‌ವಿಲ್ ಎಂಬ ಊರಿನಲ್ಲಿ, ಅಂಗಡಿಯ ಮುಂದಣ ವಾಹನ ನಿಲುಗಡೆಯ ನೆಲದ ಮೇಲೆ ಸುಮಾರು 50,000 ಭ್ರಮರಜಾತಿಯ ಜೇನುಗಳು ಸತ್ತುಬಿದ್ದವು. ಶೋಧಿಸಿದಾಗ, ಅಲಂಕಾರಕ್ಕೆಂದು ನೆಟ್ಟಿದ್ದ ಲಿಂಡನ್ ಮರಗಳ ಎಲೆಗಳಿಂದ ಗಿಡಹೇನಿನ ಅಂಟು ತೊಟ್ಟಿಕ್ಕುತ್ತದೆಂಬ ಕಾರಣಕ್ಕಾಗಿ, ಆ ಮರಗಳು ಪೂರ್ಣವಾಗಿ ಹೂಬಿಟ್ಟಿದ್ದ ಸಮಯದಲ್ಲಿಯೇ ಡೈನೊಟೆಫ್ಯುರಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ್ದರೆಂದು ತಿಳಿದುಬಂದಿತು. ಕಾರುಗಳ ಮೇಲಣ ಅಂಟನ್ನು ನೀರಿನಿಂದ ತೊಳೆಯಬಹುದಾಗಿತ್ತು. 2016ರ ಆಗಸ್ಟಿನಲ್ಲಿ ದಕ್ಷಿಣ ಕ್ಯಾರೊಲಿನಾದ ಡಾರ್ಚೆಸ್ಟರ್ ಪ್ರಾಂತದಲ್ಲಿ, ಝಿಕಾ ರೋಗದ ಭಯದಿಂದ ವಿಮಾನದ ಮೂಲಕ ನಾಲೆಡ್ ಎಂಬ ಸೊಳ್ಳೆನಾಶಕವನ್ನು, ಅದೂ ನೊಣಗಳು ಹೊರಗೆ ಹಾರತೊಡಗುವ ಬೆಳಗಿನ ಹೊತ್ತಿನಲ್ಲಿ ಸುರಿದ ಪರಿಣಾಮವಾಗಿ ಲಕ್ಷಗಟ್ಟಲೆ ಜೇನುಗಳು ನಾಶವಾದವು. ಒಂದೇ ಜೇನುಸಾಕಣೆಯ 46 ಪೆಟ್ಟಿಗೆಗಳು ಬರಿದಾದವು. 2008ರಲ್ಲಿ ಜರ್ಮನಿಯ ರೈನ್ ನದಿಯ ಮೇಲ್ಕಣಿವೆಯಲ್ಲಿ ಮೆಕ್ಕೆಜೋಳದ ಬೀಜಕ್ಕೆ ಲೇಪಿಸಿದ್ದ ಕ್ಲೋಥಿಯಾನಿಡಿನ್ ಎಂಬ ಕೀಟನಾಶಕವು ಬಿತ್ತನೆಯ ಯಂತ್ರದಿಂದ ಧೂಳಾಗಿ ಎದ್ದು ಸುಮಾರು 11,500 ಜೇನುಕುಟುಂಬಗಳಿಗೆ ಹಾನಿ ತಂದಿತು. ಯೂರೋಪಿನ ಒಕ್ಕೂಟವು 2018ರಲ್ಲಿ ಇದೇ ವರ್ಗದ ಮೂರು ವಿಷಗಳನ್ನು ಬಯಲಿನ ಬೆಳೆಗಳಲ್ಲಿ ನಿಷೇಧಿಸಿದುದಕ್ಕೆ ಹಿಂದೆ ಇಂಥ ಅನುಭವಗಳಿದ್ದವು.

ನಮ್ಮಲ್ಲಿ ಇದೇ ನಾಟಕ ಬೇರೆ ವೇಷದಲ್ಲಿ ನಡೆಯುತ್ತದೆ. ಜಿಗಿಹುಳುವಿನ ಭೀತಿಯಿಂದ ಮಾವು ಹೂಬಿಟ್ಟಿರುವಾಗಲೇ ಸಿಂಪಡಿಸುವ ತೋಟಗಾರನನ್ನು ಬಿಡಿ. ಅವನ ಹಿಂದೆ ಸಾಲದ ಚಿಂತೆಯಾದರೂ ಇದೆ. ನಗರದ ಬೀದಿಗಳಲ್ಲಿ ಡೆಂಗಿ ಜ್ವರದ ಕಾಲಕ್ಕೆ ಯಂತ್ರವನ್ನು ಗುಡುಗಿಸುತ್ತ ಬರುವ ಹೊಗೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಸಂಜೆಯ ಮೇಲೆ ಹೊಗೆ ಹಾಕಿದರೆ ಜೇನಿಗೆ ಬಾಧಕವಿಲ್ಲವೆಂಬುದು ಪಾಶ್ಚಾತ್ಯ ಗ್ರಂಥಗಳಿಂದ ನಾವು ಎರವಲು ತಂದ ಉಪದೇಶ. ಪೆಟ್ಟಿಗೆಯೊಳಗೋ ಪೊಟರೆಯೊಳಗೋ ಕತ್ತಲಾದೊಡನೆ ಸೇರಿಕೊಳ್ಳುವ ಜಾತಿಗಳ ಮಟ್ಟಿಗೆ ಅದು ಸರಿಯೇ. ಆದರೆ ಹೆಜ್ಜೇನಿಗೂ ಕೋಲುಜೇನಿಗೂ ಮನೆಯೆಂಬುದೇ ಇಲ್ಲ. ಅವುಗಳ ಎರಿಯ ಹೊರಮೈಯನ್ನು ಇರುಳೆಲ್ಲ ಮುಚ್ಚಿರುವುದು ಅವುಗಳದೇ ದೇಹಗಳ ಪದರ. ಸಂಜೆಯ ಹೊಗೆಯು ಹಗಲಿನಲ್ಲಿ ಚದುರಿರಬಹುದಾಗಿದ್ದ ಇಡೀ ಹಿಂಡನ್ನು ಒಂದೆಡೆ ಕೂಡಿದ್ದಾಗ ಮುತ್ತುತ್ತದೆ. ಆದಕಾರಣ ಯೂರೋಪಿನ ಜೇನಿಗೆ ರಕ್ಷೆಯಾದ ನಿಯಮವೇ ನಮ್ಮ ಜೇನಿಗೆ ಮೃತ್ಯುವಾಗುವ ಸಂಭವವಿದೆಯೆಂಬುದನ್ನು ಆರೋಗ್ಯಾಧಿಕಾರಿಗಳು ಪರ್ಯಾಲೋಚಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಡೆಂಗಿಯ ಸೊಳ್ಳೆ ಹಗಲಿನಲ್ಲಿ ಕಚ್ಚುವಂಥದು. ಅದು ಹುಟ್ಟುವುದು ಹೂಕುಂಡದ ತಟ್ಟೆಯಲ್ಲಿ, ಒಡೆದ ಟೈರಿನಲ್ಲಿ, ಮುಚ್ಚದ ತೊಟ್ಟಿಯಲ್ಲಿ. ಅವನ್ನು ಬರಿದುಮಾಡುವ ಕಾರ್ಯದಲ್ಲಿ ಗದ್ದಲವಿಲ್ಲ. ಪ್ರಾಯಶಃ ಅದರಿಂದಲೇ ಅದಕ್ಕೆ ಆದರವೂ ಕಡಿಮೆ.

ಹೊಗೆಗಿಂತಲೂ ನೇರವಾದ ವಧೆ, ಗೂಡನ್ನು ತೆಗೆಸುವ ಹೆಸರಿನಲ್ಲಿ ನಡೆಯತಕ್ಕದ್ದು. ಹೆಜ್ಜೇನಿನ ಬಗ್ಗೆ ಭಯ ಅಕಾರಣವೆಂದು ನಾನು ಹೇಳಲಾರೆ. ಅದು ಸಿಟ್ಟಿಗೆದ್ದರೆ ಮನುಷ್ಯರೂ ಎತ್ತುಗಳೂ ಪ್ರಾಣ ಕಳೆದುಕೊಂಡಿರುವುದು ನಿಜ, ಶಾಲೆ ಆಸ್ಪತ್ರೆಗಳ ಬಾಗಿಲಿನ ಮೇಲೆಯೇ ಅದು ಕಟ್ಟಿದರೆ ತಿಳಿದವರನ್ನು ಕರೆಸಿ ಎಬ್ಬಿಸಬೇಕಾಗುವುದೂ ನಿಜ. ಆದರೆ ಐದನೆಯ ಮಹಡಿಯ ಹೊರಸಜ್ಜೆಯಲ್ಲಿ, ಯಾರ ಗೊಡವೆಗೂ ಬಾರದೆ ಎರಡು ತಿಂಗಳಿನಿಂದ ತೂಗುತ್ತಿರುವ ಗೂಡಿಗೆ, ಸಂಘದ ಕಾರ್ಯದರ್ಶಿಯವರು ದೂರವಾಣಿ ಮಾಡಿದ ಅರ್ಧದಿನದಲ್ಲಿ ಒಬ್ಬಾತ ಬಂದು ಪೈರೆಥ್ರಾಯ್ಡ್ ಎಂಬ ಕೀಟನಾಶಕದ ದ್ರಾವಣವನ್ನು ಎರಚಿ, ಕೆಳಗೆ ಬಿದ್ದ ಸಹಸ್ರಾರು ನೊಣಗಳನ್ನು ಗೋಣಿಯಲ್ಲಿ ತುಂಬಿಕೊಂಡು ಹೋದ ಮೇಲೆ, ಮೂರನೆಯ ದಿನ ಪಕ್ಕದ ಬಾಲ್ಕನಿಯಲ್ಲಿ ಅಲ್ಲಲ್ಲಿ ಬಿದ್ದು ಒದ್ದಾಡುವ ನೊಣಗಳನ್ನು ಕಂಡು ಬೆರಗಾಗುವವರು ಅದೇ ಕಟ್ಟಡದವರೇ. ಹೊರಗೆ ಮೇಯಲು ಹೋಗಿದ್ದ ನೊಣಗಳು ಹಿಂತಿರುಗಿ ಬಂದು, ವಿಷ ಅಂಟಿದ ಗೋಡೆಯ ಮೇಲೆ ಕುಳಿತು, ದಿನಗಟ್ಟಲೆ ಸಾಯುತ್ತಿರುತ್ತವೆ. ನಗರದಲ್ಲಿ ಸಾಮೂಹಿಕ ಮರಣದ ವರದಿ ಬಂದಾಗಲೆಲ್ಲ, ಹಿಂದಿನ ವಾರ ಆ ಕಟ್ಟಡದಲ್ಲಿಯೋ ಪಕ್ಕದ ಕಟ್ಟಡದಲ್ಲಿಯೋ ಗೂಡು ತೆಗೆಸಲಾಯಿತೇ ಎಂಬುದು ಕೇಳಬೇಕಾದ ಪ್ರಥಮ ಪ್ರಶ್ನೆ.

ರೋಗಗಳ ಮಾತಿಗೆ ಬರುವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದಲ್ಲಿ ಜೇನುನೊಣಗಳು ಹಾರಲಾರದೆ ಹುಲ್ಲಿನ ಮೇಲೆ ತೆವಳಿ ತೆವಳಿ ಸಾಯತೊಡಗಿದವು. ಕೆಲವೇ ವರ್ಷಗಳಲ್ಲಿ ಆ ವ್ಯಾಧಿ ಬ್ರಿಟನ್ನಿಗೆಲ್ಲ ಹರಡಿತೆಂದು ಹುಯಿಲೆದ್ದಿತು. ಜಾನ್ ರೆನ್ನಿ ಎಂಬ ವಿಜ್ಞಾನಿಯೂ ಅವರ ಸಹೋದ್ಯೋಗಿಗಳೂ 1920ರ ಸುಮಾರಿಗೆ ನೊಣದ ಶ್ವಾಸನಾಳದೊಳಗೆ ಸೂಕ್ಷ್ಮವಾದ ಉಣ್ಣೆಯೊಂದನ್ನು ಕಂಡುಹಿಡಿದರು; ಅಪರಾಧಿ ಸಿಕ್ಕಿದನೆಂದು ಎಲ್ಲರೂ ನೆಮ್ಮದಿಗೊಂಡರು. ದಶಕಗಳ ಅನಂತರ ರಾಥಮ್‌ಸ್ಟೆಡ್ ಸಂಸ್ಥೆಯ ಲೆಸ್ಲಿ ಬೈಲಿಯವರು ಆ ತೆವಳುವಿಕೆಯ ಲಕ್ಷಣಗಳಿಗೆ ಪಾರ್ಶ್ವವಾಯುವನ್ನು ತರುವ ವೈರಸ್ಸೊಂದು ಹೆಚ್ಚು ಒಪ್ಪುವ ಕಾರಣವೆಂದು ತೋರಿಸಿ, ಆ ಮಹಾಮಾರಿಯೆಂಬುದೇ ಹಲವು ಬೇರೆ ಬೇರೆ ನಷ್ಟಗಳಿಗೆ ಕೊಟ್ಟ ಒಂದೇ ಹೆಸರಾಗಿತ್ತೆಂದು ವಾದಿಸಿದರು.

ನಮ್ಮ ನಾಡಿನ ಮಹಾಮಾರಿಯಾದರೋ ಸದ್ದಿಲ್ಲದೆ ಬಂದಿತು. 1976ರಲ್ಲಿ ಥಾಯ್ಲೆಂಡಿನಲ್ಲಿ ಗುರುತಿಸಲ್ಪಟ್ಟ ಥಾಯ್ ಸ್ಯಾಕ್‌ಬ್ರೂಡ್ ವೈರಸ್ 1991-92ರ ಹೊತ್ತಿಗೆ ದಕ್ಷಿಣ ಭಾರತವನ್ನು ಮುಟ್ಟಿ, ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ ಮೊದಲ್ಗೊಂಡು ಮಲೆನಾಡಿನ ಉದ್ದಕ್ಕೂ ತುಡುವೆಯ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ನಾಶಮಾಡಿತು. ಈ ರೋಗದಲ್ಲಿ ಸಾಯುವುದು ಹಾರುವ ನೊಣವಲ್ಲ, ಎರಿಯ ಕೋಶದೊಳಗಿನ ಮರಿ. ಅದು ನೀರು ತುಂಬಿದ ಚೀಲದಂತಾಗಿ, ತಲೆ ಮೇಲಕ್ಕೆತ್ತಿ ಸತ್ತಿರುತ್ತದೆ. ಆದುದರಿಂದ ಅಂಗಳದಲ್ಲಿ ಶವಗಳು ಕಾಣಲಿಲ್ಲ. ಒಂದು ದಿನ ಪೆಟ್ಟಿಗೆಯ ಮುಚ್ಚಳ ತೆರೆದವರಿಗೆ ಖಾಲಿ ಎರಿಗಳೂ ಮೇಣದ ಹುಳುಗಳೂ ಕಂಡವು. ಭಾಗಮಂಡಲದ ಜೇನಿನ ಕೀರ್ತಿಯನ್ನು ಕೇಳಿ ಬೆಳೆದ ತಲೆಮಾರಿನವರು ಆ ಎರಡು ವರ್ಷಗಳನ್ನು ಇಂದಿಗೂ ಮರೆತಿಲ್ಲ. ಅಳಿದುಳಿದ ಹಿಂಡುಗಳಿಂದಲೇ ತುಡುವೆ ಮೆಲ್ಲಮೆಲ್ಲನೆ ಚೇತರಿಸಿಕೊಂಡಿತು. ಮೆಲ್ಲಿಫೆರಾ ಜೇನಿಗೆ ಪಿಡುಗಾದ ವರ‍್ರೋವಾ ಉಣ್ಣೆಯ ಮೂಲ ಆಶ್ರಯ ಏಷ್ಯದ ತುಡುವೆಯೇ; ತನ್ನ ಮೈಯನ್ನು ಕೆದರಿ ಉಣ್ಣೆಯನ್ನು ಕಿತ್ತೆಸೆಯುವ ಅಭ್ಯಾಸ ತುಡುವೆಗೆ ಕರಗತವಾಗಿರುವುದರಿಂದ ಅದಕ್ಕೆ ಅಷ್ಟು ಬಾಧೆಯಿಲ್ಲ. ಸುಕ್ಕಿದ ಮುದುಡಿದ ರೆಕ್ಕೆಯ ಎಳೆ ನೊಣಗಳು ಪೆಟ್ಟಿಗೆಯ ಮುಂದೆ ತೆವಳುತ್ತಿದ್ದರೆ ಮಾತ್ರ ಸಾಕಣೆದಾರನು ಈ ಉಣ್ಣೆಯನ್ನು ನೆನೆಯಬೇಕು.

2006ರ ಕೊನೆಯಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡು ಪತ್ರಿಕೆಗಳಲ್ಲಿ ಪ್ರಸಿದ್ಧವಾದ ಕುಟುಂಬಕುಸಿತವನ್ನು ಬಾಲ್ಕನಿಯ ಶವಗಳಿಗೆ ಕಾರಣವಾಗಿ ಹೇಳುವವರಿದ್ದಾರೆ. ಆ ವಿದ್ಯಮಾನದ ಮುಖ್ಯ ಲಕ್ಷಣವೇ ರಾಣಿಯೂ ಮರಿಗಳೂ ಆಹಾರವೂ ಗೂಡಿನಲ್ಲಿ ಉಳಿದಿರಲು ದುಡಿಯುವ ನೊಣಗಳು ಕಾಣೆಯಾಗುವುದು, ಅವುಗಳ ಶವ ಗೂಡಿನ ಬಳಿ ಸಿಗದಿರುವುದು. ಶವ ನಿಮ್ಮ ಕಾಲಬುಡದಲ್ಲಿ ಬಿದ್ದಿದ್ದರೆ ರೋಗ ಅದಲ್ಲ. ಮೊಬೈಲ್ ಗೋಪುರದ ವಾದ ಹಬ್ಬಿದುದೂ ಆ ದಿನಗಳಲ್ಲಿಯೇ: ಜರ್ಮನಿಯ ಲಾಂಡೌ ವಿಶ್ವವಿದ್ಯಾನಿಲಯದವರು ತಂತಿರಹಿತ ಮನೆಫೋನಿನ ಪೀಠಗಳನ್ನು ಗೂಡಿನೊಳಗಿಟ್ಟು ನಡೆಸಿದ್ದ ಒಂದು ಸಣ್ಣ ಪ್ರಯೋಗವನ್ನು 2007ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ಜೇನಿನ ಸರ್ವನಾಶಕ್ಕೆ ಮೊಬೈಲೇ ಕಾರಣವೆಂಬಂತೆ ಪ್ರಕಟಿಸಿತು, ಪ್ರಯೋಗ ಮಾಡಿದವರಾದರೋ ಹಾಗೆ ಹೇಳಿರಲಿಲ್ಲ. ಜೇನು ಅಳಿದರೆ ನಾಲ್ಕೇ ವರ್ಷಗಳಲ್ಲಿ ಮನುಷ್ಯಕುಲವೂ ಅಳಿಯುವುದೆಂಬ ಮಾತನ್ನು ಐನ್‌ಸ್ಟೈನರ ಹೆಸರಿಗೆ ಕಟ್ಟಿರುವುದೂ ಇಂಥದೇ; 1955ರಲ್ಲಿ ತೀರಿಕೊಂಡ ಆ ಮಹಾಶಯರ ಬರೆಹಗಳಲ್ಲಿ ಅದಿಲ್ಲ, ಅದು ಬಹುಜನರ ಬಾಯಿಗೆ ಬಂದುದು 1994ರಲ್ಲಿ ಬ್ರಸೆಲ್ಸ್ ನಗರದಲ್ಲಿ ಜೇನುಸಾಕಣೆದಾರರು ನಡೆಸಿದ ಪ್ರತಿಭಟನೆಯ ಕರಪತ್ರದಿಂದ. ಗೋಪುರ ನಿಂತ ವರ್ಷವೇ ನೊಣ ಸತ್ತಿತೆಂಬುದು ಕಾಕತಾಳೀಯ. ಆ ವರ್ಷವೇ ಬೀದಿಯ ದೀಪಗಳೂ ಬಿಳಿಯಾದುದನ್ನು ಯಾರೂ ಗಮನಿಸುವುದಿಲ್ಲ.

ಚಿಕ್ಕಪುಟ್ಟ ಕಾರಣಗಳು ಇನ್ನೂ ಹಲವಿವೆ. ಚಹಾ ಅಂಗಡಿಗಳಲ್ಲಿ ಬಳಸಿ ಬಿಸುಟ ಕಾಗದದ ಲೋಟಗಳ ಸಕ್ಕರೆಯ ಶೇಷಕ್ಕೆ ಮುತ್ತಿ ಅಲ್ಲಿಯೇ ಮುಳುಗಿ ಸಾಯುವ ಜೇನುಗಳನ್ನು ತಮಿಳುನಾಡಿನ ಸಂಶೋಧಕರು ಎಣಿಸಿ 2011ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂಗಡಿಯೊಂದಕ್ಕೆ ದಿನಕ್ಕೆ ನೂರಕ್ಕೂ ಮಿಕ್ಕಿ ಸಾಯುತ್ತಿದ್ದವು. ನೀರುಕಾಯಿ ಮರವೆಂದು ನಾವು ಕರೆಯುವ, ಆಫ್ರಿಕದಿಂದ ತಂದು ನಮ್ಮ ಬೀದಿಗಳಲ್ಲಿ ನೆಟ್ಟ ಕೆಂಪುಹೂವಿನ ಮರದ ಹೂಬಟ್ಟಲುಗಳಲ್ಲಿ ಮುಜಂಟಿಯ ಬಂಧುಗಳಾದ ನೊಣಗಳು ಸಾಯುತ್ತವೆಂಬ ಕಾರಣಕ್ಕೆ ಬ್ರೆಜಿಲಿನ ಸಾಂತ ಕತರೀನಾ ರಾಜ್ಯ 2019ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಬೇಸಗೆಯಲ್ಲಿ ಗೂಡನ್ನು ತಂಪುಮಾಡಲು ನೀರು ಹೊರಲು ಬಂದು ಬಕೆಟ್ಟುಗಳಲ್ಲಿ ಮುಳುಗುವವು, ಕಳ್ಳಿಪೀರ ಹಕ್ಕಿಗೂ ಕಣಜಕ್ಕೂ ಆಹಾರವಾಗುವವು ಇದ್ದೇ ಇವೆ. ಇವುಗಳಿಗಾಗಿ ನಾನು ನಿಮ್ಮ ಕಾಲವನ್ನು ವ್ಯಯಿಸಲಾರೆ.

ಕೊನೆಯಲ್ಲಿ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಹೆಜ್ಜೇನು ನಮ್ಮ ಊರುಗಳಲ್ಲಿ ಕಾಯಂ ನಿವಾಸಿಯಲ್ಲ. ಹೂವಿನ ಕಾಲಕ್ಕೆ ಬಂದು, ಅದು ಮುಗಿದೊಡನೆ ತಾನಾಗಿಯೇ ಹೊರಟುಹೋಗುತ್ತದೆ. ಗೂಡು ಅಪಾಯದ ಜಾಗದಲ್ಲಿಲ್ಲದಿದ್ದರೆ ಆ ಕೆಲವು ತಿಂಗಳು ಅದನ್ನು ಮುಟ್ಟಬೇಡಿ, ಗೂಡಿನ ಕಡೆಗಿರುವ ದೀಪವನ್ನು ರಾತ್ರಿ ಉರಿಸಬೇಡಿ, ಹೊಗೆಯ ಯಂತ್ರದವನು ಬಂದರೆ ಗೂಡಿರುವ ಮರವನ್ನು ತೋರಿಸಿ ಮುಂದಕ್ಕೆ ಕಳುಹಿಸಿ. ಒಂದೇ ದಿನ ನೂರಾರು ನೊಣಗಳು ನಾಲಿಗೆ ಚಾಚಿ ಸತ್ತಿದ್ದರೆ ಗುಡಿಸಿ ಎಸೆಯದೆ, ಅಂದೇ ಒಂದು ಹಿಡಿಯಷ್ಟನ್ನು ಕಾಗದದಲ್ಲಿ ಕಟ್ಟಿ, ತಾರೀಕನ್ನೂ ಸ್ಥಳವನ್ನೂ ಬರೆದು, ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿರಿಸಿ, ಸಮೀಪದ ಕೃಷಿ ವಿಶ್ವವಿದ್ಯಾನಿಲಯದ ಜೇನುಕೃಷಿ ವಿಭಾಗಕ್ಕೆ ತಿಳಿಸಿ. ಬೆಂಗಳೂರಿನವರಿಗೆ ಅದು ಜಿ.ಕೆ.ವಿ.ಕೆ. ಆವರಣದಲ್ಲಿದೆ.